ವಂಶವಾಹಿಗಳ ಕಾಯಕ

ಬೆಂಗಳೂರಿನ ದಂಡುಪ್ರದೇಶದಿಂದ ಪೂರ್ವಾಭಿಮುಖವಾಗಿ ಹೊರಟು, ದೊಮ್ಮಲೂರು ಕೋಡಿಹಳ್ಳಿಗಳನ್ನು ಹಾದು ವಿಮಾನಪುರವನ್ನು ಮುಟ್ಟಿ, ಅಲ್ಲಿಂದ ಮಾರತಹಳ್ಳಿ ಕುಂದಲಹಳ್ಳಿಗಳ ಮೂಲಕ ವೈಟ್‌ಫೀಲ್ಡಿನ ಕಡೆಗೆ ಸಾಗುವ ದಾರಿಯಲ್ಲಿ ದಿನವೂ ಓಡಾಡುವ ಜನಕ್ಕೆ ಅಲ್ಲಿನ ವಿಮಾನ ಕಾರ್ಖಾನೆಯ ಚರಿತ್ರೆ ಅಷ್ಟಿಷ್ಟಾದರೂ ತಿಳಿದಿರುತ್ತದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸಕ್ಕೆ ಮೈಸೂರು ಸಂಸ್ಥಾನದ ಸರ್ಕಾರವು ಹೆಗಲು ಕೊಟ್ಟು ಆ ಕಾರ್ಖಾನೆ ಹುಟ್ಟಿತೆಂಬುದನ್ನೂ, 1961ರಲ್ಲಿ ಅಲ್ಲಿಯೇ ನಿರ್ಮಾಣಗೊಂಡ ‘ಮಾರುತ’ ಯುದ್ಧವಿಮಾನವು ಆ ನೆಲದಿಂದಲೇ ಗಗನಕ್ಕೆ ಏರಿತೆಂಬುದನ್ನೂ ಹಳಬರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಆದರೆ ಅದೇ ದಾರಿಯ ಮುಂದಿನ ತುದಿಯಲ್ಲಿ, ವೈಟ್‌ಫೀಲ್ಡಿನ ಟೆಕ್ ಪಾರ್ಕಿನ ಒಂದು ಕಟ್ಟಡದೊಳಗೆ, 2002ರಲ್ಲಿ ಸ್ಥಾಪಿತವಾದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಎಂಬ ಸಂಶೋಧನಾಲಯವಿದೆಯೆಂಬುದನ್ನೂ, ಮನುಷ್ಯನ ವಂಶವಾಹಿಗಳು ಶರೀರದ ಯಾವ ಯಾವ ಅಂಗದಲ್ಲಿ ಏನೇನು ಕೆಲಸ ಮಾಡುತ್ತವೆಂಬುದನ್ನು ಲೋಕಕ್ಕೆ ತಿಳಿಯಪಡಿಸಿದ ಮಹತ್ಕಾರ್ಯದಲ್ಲಿ ಆ ಸಂಸ್ಥೆಗೆ ಗಣ್ಯವಾದ ಪಾಲಿದೆಯೆಂಬುದನ್ನೂ ಬಲ್ಲವರು ವಿರಳ. ಆ ಕೆಲಸ ಯಾವುದು, ಅದು ಏಕೆ ಬೇಕಾಯಿತು, ಸಾಮಾನ್ಯ ಸಂಸಾರಸ್ಥನಿಗೆ ಅದರಿಂದ ಆಗತಕ್ಕ ಉಪಕಾರವೇನು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಪಟ್ಟಿ ದೊರೆಯಿತು, ಕೆಲಸ ತಿಳಿಯಲಿಲ್ಲ

ತಂದೆತಾಯಿಗಳ ಗುಣಲಕ್ಷಣಗಳು ಮಕ್ಕಳಿಗೆ ಇಳಿದುಬರುತ್ತವೆಂಬುದು ಮನುಷ್ಯನಿಗೆ ಅನಾದಿಯಿಂದ ಗೊತ್ತಿದ್ದ ಸಂಗತಿ. ಹಾಗೆ ಇಳಿದುಬರುವುದಕ್ಕೆ ಒಂದು ಲೆಕ್ಕವಿದೆಯೆಂಬುದನ್ನು ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿ ತನ್ನ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ ತೋರಿಸಿಕೊಟ್ಟದ್ದು 1865ರಲ್ಲಿ. ಆತನು ಅನುಮಾನಿಸಿದ ಆ ಅಗೋಚರವಾದ ಘಟಕಕ್ಕೆ ‘ಜೀನ್’ ಎಂಬ ಹೆಸರು ಬಂದದ್ದು 1909ರಲ್ಲಿ. ಅದು ಡಿಎನ್‌ಎ ಎಂಬ ರಾಸಾಯನಿಕದಿಂದ ಆದುದೆಂದು ಏವರಿಯೂ ಆತನ ಸಹೋದ್ಯೋಗಿಗಳೂ 1944ರಲ್ಲಿ ಪ್ರಯೋಗದಿಂದ ಕಂಡುಕೊಂಡರು. ಆ ಡಿಎನ್‌ಎಯ ಅಣು ಎರಡೆಳೆಯ ಸುರುಳಿಯೆಂದು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಸಾರಿದರು. ಅಲ್ಲಿಂದ ಐವತ್ತು ವರ್ಷಗಳಲ್ಲಿ, ಅಂದರೆ 2003ರ ಹೊತ್ತಿಗೆ, ಮನುಷ್ಯನ ಡಿಎನ್‌ಎಯ ಸುಮಾರು 300 ಕೋಟಿ ಅಕ್ಷರಗಳನ್ನು ಬಹುಮಟ್ಟಿಗೆ ಪೂರ್ಣವಾಗಿ ಓದಿ ಮುಗಿಸಲಾಯಿತೆಂದು ಪ್ರಪಂಚಕ್ಕೆ ಘೋಷಿಸಲಾಯಿತು. ಉಳಿದಿದ್ದ ಕಷ್ಟಸಾಧ್ಯವಾದ ಭಾಗಗಳ ಓದು 2022ರ ವೇಳೆಗೆ ಕೈಗೂಡಿತು.

ಇಷ್ಟು ಓದಿದ ಮೇಲೆ ವಿದ್ವಾಂಸರ ಕೈಗೆ ದೊರೆತದ್ದು ಒಂದು ಪಟ್ಟಿ. ಪ್ರೋಟೀನುಗಳನ್ನು ನಿರ್ಮಿಸುವ ಆದೇಶವುಳ್ಳ ವಂಶವಾಹಿಗಳು ಮನುಷ್ಯನಲ್ಲಿ ಸುಮಾರು 20,000 ಮಾತ್ರವೆಂದೂ, ಆ ಆದೇಶಗಳು ಒಟ್ಟು ಡಿಎನ್‌ಎಯಲ್ಲಿ ನೂರಕ್ಕೆ ಎರಡು ಪಾಲಿಗಿಂತ ಕಡಮೆಯೆಂದೂ ಆ ಪಟ್ಟಿ ಹೇಳಿತು. ಒಂದು ಲಕ್ಷವಾದರೂ ಇದ್ದೀತೆಂದು ಎಣಿಸಿದ್ದವರು ವಿಸ್ಮಿತರಾದರು. ವಿಸ್ಮಯಕ್ಕಿಂತ ಹೆಚ್ಚಿನ ಕಷ್ಟವೊಂದು ಆಗ ಎದುರಾಯಿತು. ಪಟ್ಟಿಯಲ್ಲಿ ಹೆಸರಿದ್ದ ವಂಶವಾಹಿಗಳ ಪೈಕಿ ಅನೇಕಾನೇಕವು ಏನು ಮಾಡುತ್ತವೆಂಬುದು ಯಾರಿಗೂ ತಿಳಿದಿರಲಿಲ್ಲ. ವಂಶವಾಹಿಯೊಂದರ ಅಕ್ಷರಕ್ರಮವನ್ನು ಬಲ್ಲ ಮಾತ್ರಕ್ಕೆ ಅದರ ಕಾರ್ಯವನ್ನು ಬಲ್ಲಂತಾಗದು. ಅದು ಎಲ್ಲಿ, ಎಂದು, ಎಷ್ಟು, ಯಾವುದರೊಡಗೂಡಿ ಕೆಲಸ ಮಾಡುತ್ತದೆಂಬುದನ್ನು ಒಂದೊಂದಾಗಿ ಕಂಡು, ಪರೀಕ್ಷಿಸಿ, ಒಟ್ಟುಗೂಡಿಸಬೇಕು. ಈ ಒಟ್ಟುಗೂಡಿಸುವ ಕೆಲಸವೇ ವಂಶವಾಹಿ ವಿಜ್ಞಾನದ ನಿಜವಾದ ಭಾರ. ಅದರಲ್ಲಿ ಕೀರ್ತಿ ಕಡಮೆ, ದುಡಿಮೆ ಹೆಚ್ಚು.

ಮೂಲನಕ್ಷೆಯೂ ಅದರ ಪ್ರತಿಯೂ

ವಂಶವಾಹಿ ಕೆಲಸ ಮಾಡುವ ಬಗೆಯನ್ನು ಮನಗಾಣಿಸುವುದಕ್ಕೆ ವಿಮಾನಪುರದ ಕಾರ್ಖಾನೆಯಂತಹ ದೊಡ್ಡ ಉದ್ಯಮಶಾಲೆಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ವಿಮಾನವೊಂದರ ರೆಕ್ಕೆ, ಚಕ್ರ, ಎಂಜಿನು, ಆಸನ ಮೊದಲಾದ ಸಮಸ್ತ ಭಾಗಗಳ ಮೂಲನಕ್ಷೆಗಳು ನಕ್ಷೆಕೋಠಿಯಲ್ಲಿ ಭದ್ರವಾಗಿರುತ್ತವೆ. ಕೆಲಸಗಾರನು ಮೂಲನಕ್ಷೆಯನ್ನು ಎತ್ತಿಕೊಂಡು ಹೋಗುವುದಿಲ್ಲ. ತನಗೆ ಬೇಕಾದುದರ ಒಂದು ಪ್ರತಿಯನ್ನು ತೆಗೆಯಿಸಿಕೊಂಡು ತನ್ನ ಶಾಪಿಗೆ ಒಯ್ದು, ಅದನ್ನು ನೋಡುತ್ತ ಭಾಗವನ್ನು ತಯಾರಿಸುತ್ತಾನೆ. ರೆಕ್ಕೆ ಮಾಡುವ ಶಾಪಿಗೆ ಎಂಜಿನಿನ ನಕ್ಷೆಯ ಪ್ರತಿ ಹೋಗದು. ಎಂಜಿನಿನ ಶಾಪಿಗೆ ಆಸನದ್ದು ಹೋಗದು. ನಮ್ಮ ಜೀವಕೋಶದಲ್ಲಿ ನಡೆಯುವ ವ್ಯವಹಾರವೂ ಇಂತಹುದೇ. ಕೋಶಕೇಂದ್ರದಲ್ಲಿ 23 ಜೊತೆ ವರ್ಣತಂತುಗಳ ರೂಪದಲ್ಲಿ ಸುತ್ತಿಟ್ಟಿರುವ ಡಿಎನ್‌ಎಯೇ ಮೂಲನಕ್ಷೆಗಳ ಕೋಠಿ. ಅದರಲ್ಲಿ ಬೇಕಾದ ವಂಶವಾಹಿಯ ಪ್ರತಿಯೊಂದು ದೂತ ಆರ್‌ಎನ್‌ಎ ಎಂಬ ಅಣುವಿನ ರೂಪದಲ್ಲಿ ಹೊರಬೀಳುತ್ತದೆ. ಕೋಶರಸದಲ್ಲಿರುವ ರೈಬೋಸೋಮುಗಳೆಂಬ ಯಂತ್ರಗಳು ಆ ಪ್ರತಿಯನ್ನು ಮೂರು ಮೂರು ಅಕ್ಷರಗಳಾಗಿ ಓದುತ್ತ, ಒಂದೊಂದು ಮೂರಕ್ಷರಕ್ಕೂ ನಿಯತವಾದ ಅಮೈನೋ ಆಮ್ಲವನ್ನು ತಂದು ಪೋಣಿಸಿ, ಕಡೆಗೆ ಪ್ರೋಟೀನನ್ನು ಕಟ್ಟಿ ನಿಲ್ಲಿಸುತ್ತವೆ. ದೂತ ಆರ್‌ಎನ್‌ಎ ಇರುವುದು ಪ್ರಯೋಗದಿಂದ ಸ್ಥಿರಪಟ್ಟದ್ದೂ, ಮೂರಕ್ಷರದ ಸಂಕೇತದ ಮೊದಲ ಒಗಟನ್ನು ನೈರೆನ್‌ಬರ್ಗ್ ಮತ್ತು ಮಥಾಯ್ ಬಿಡಿಸಿದ್ದೂ, ಮಾರುತ ವಿಮಾನ ಹಾರಿದ ಆ 1961ರಲ್ಲಿಯೇ. ಸಂಕೇತಕೋಶದ ಉಳಿದ ಪದಗಳನ್ನು ಬಿಡಿಸಿದ ಯಶಸ್ಸಿನಲ್ಲಿ ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಹರಗೋವಿಂದ ಖೊರಾನಾ ಅವರು ಪಾಲುಗೊಂಡು 1968ರ ನೊಬೆಲ್ ಪಾರಿತೋಷಕಕ್ಕೆ ಭಾಜನರಾದರು.

ಇಲ್ಲಿ ಗಮನಿಸತಕ್ಕ ಮುಖ್ಯಾಂಶ ಒಂದಿದೆ. ಕೆಂಪು ರಕ್ತಕಣದಂತೆ ಕೋಶಕೇಂದ್ರವನ್ನೇ ಕಳೆದುಕೊಂಡ ಕೆಲವನ್ನು ಬಿಟ್ಟರೆ, ನಮ್ಮ ಕಣ್ಣಿನ ಕೋಶದಲ್ಲಿಯೂ ಯಕೃತ್ತಿನ ಕೋಶದಲ್ಲಿಯೂ ಮೆದುಳಿನ ಕೋಶದಲ್ಲಿಯೂ ಇರುವ ಮೂಲನಕ್ಷೆಗಳ ಸಮೂಹ ಬಹುಮಟ್ಟಿಗೆ ಒಂದೇ. ಕಣ್ಣು ಕಣ್ಣಾಗಿಯೂ ಯಕೃತ್ತು ಯಕೃತ್ತಾಗಿಯೂ ಇರುವುದು, ಆಯಾ ಕೋಶವು ಯಾವ ನಕ್ಷೆಗೆ ಪ್ರತಿ ತೆಗೆಯುತ್ತದೆ, ಯಾವುದನ್ನು ಮುಚ್ಚಿಡುತ್ತದೆ ಎಂಬ ಆಯ್ಕೆಯಿಂದ. ಈ ಆಯ್ಕೆಯನ್ನು ನಿಯಂತ್ರಿಸುವ ಪ್ರೋಟೀನುಗಳು ಬೇರೆ ಇವೆ. ಅವೂ ವಂಶವಾಹಿಗಳಿಂದಲೇ ಉಂಟಾದವು. ಒಂದು ವಂಶವಾಹಿಯ ಸಂತಾನವು ಮತ್ತೊಂದನ್ನು ತಡೆಯುವುದುಂಟೆಂಬುದನ್ನು ಜಾಕೋಬ್ ಮತ್ತು ಮೊನೋ ಎಂಬ ಫ್ರೆಂಚ್ ವಿದ್ವಾಂಸರು ಕರುಳಿನಲ್ಲಿ ವಾಸಿಸುವ ಸಣ್ಣ ಬ್ಯಾಕ್ಟೀರಿಯವೊಂದರಲ್ಲಿ ಮೊದಲು ತೋರಿಸಿದರು. ಆದುದರಿಂದ ನಕ್ಷೆಗಳ ಸಂಖ್ಯೆಯನ್ನು ಎಣಿಸಿದವನಿಗೆ ಕಾರ್ಖಾನೆಯ ಕೆಲಸ ತಿಳಿಯದು. ಅವನು ಒಂದೊಂದು ಶಾಪಿಗೂ ಹೋಗಿ, ಅಲ್ಲಿ ತಯಾರಾಗುತ್ತಿರುವ ಭಾಗಗಳನ್ನು ಕೈಯಲ್ಲಿ ಹಿಡಿದು ನೋಡಬೇಕು.

ಕೆಡಿಸಿ ತಿಳಿಯುವ ಮಾರ್ಗ

ವಂಶವಾಹಿಯ ಕಾರ್ಯವನ್ನು ಅರಿಯುವುದಕ್ಕೆ ವಿಜ್ಞಾನಿಗಳು ಹಿಡಿದ ಅತ್ಯಂತ ಹಳೆಯ ಮಾರ್ಗವೆಂದರೆ, ಅದನ್ನು ಕೆಡಿಸಿ, ಕೆಟ್ಟಾಗ ಜೀವಿಯಲ್ಲಿ ಯಾವ ಊನ ತಲೆದೋರುತ್ತದೆಂದು ನೋಡುವುದು. ಬೀಡಲ್ ಮತ್ತು ಟೇಟಮ್ ಎಂಬ ಅಮೆರಿಕನ್ನರು 1941ರಲ್ಲಿ ಬ್ರೆಡ್ಡಿನ ಮೇಲೆ ಬೆಳೆಯುವ ಬೂಷ್ಟನ್ನು ಕ್ಷಕಿರಣಗಳಿಗೆ ಒಡ್ಡಿ, ಒಂದೊಂದು ವಂಶವಾಹಿಯ ಊನವೂ ಒಂದೊಂದು ರಾಸಾಯನಿಕ ಕ್ರಿಯೆಯ ಊನವಾಗಿ ಪರಿಣಮಿಸುವುದನ್ನು ಕಂಡರು. ಭಾರತದಲ್ಲಿ ಈ ಮಾರ್ಗವನ್ನು ಬಹು ಯಶಸ್ವಿಯಾಗಿ ತುಳಿದವರು ಒಬೈದ್ ಸಿದ್ದಿಕಿ. ಗ್ಲಾಸ್ಗೋದಲ್ಲಿ ಪಾಂಟೆಕೊರ್ವೋ ಅವರ ಶಿಷ್ಯರಾಗಿದ್ದು, ಆ ಬಳಿಕ ಅಮೆರಿಕದಲ್ಲಿ ಅಲನ್ ಗ್ಯಾರೆನ್ ಅವರೊಡನೆ ಬ್ಯಾಕ್ಟೀರಿಯಗಳ ಮೇಲೆ ದುಡಿದ ಸಿದ್ದಿಕಿಯವರು, ಪ್ರೋಟೀನಿನ ನಿರ್ಮಾಣವು ನಡುವೆಯೇ ನಿಂತುಹೋಗುವಂತೆ ಮಾಡುವ ವ್ಯತ್ಯಯಗಳನ್ನೂ, ಅಂತಹ ನಿಲುಗಡೆಯನ್ನು ಮೀರಿಸಬಲ್ಲ ಮತ್ತೊಂದು ವಂಶವಾಹಿಯನ್ನೂ ಪರಿಶೀಲಿಸಿದರು. ವಂಶವಾಹಿಯ ಭಾಷೆಯಲ್ಲಿ ‘ಇಲ್ಲಿಗೆ ಮುಗಿಯಿತು’ ಎಂದು ಹೇಳುವ ಸಂಕೇತಗಳ ಅರಿವಿಗೆ ಆ ಕೆಲಸ ದಾರಿ ಮಾಡಿಕೊಟ್ಟಿತು.

1962ರಲ್ಲಿ ಹೋಮಿ ಭಾಭಾ ಅವರ ಆಹ್ವಾನದ ಮೇರೆಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಬಂದ ಸಿದ್ದಿಕಿಯವರು, ಎಪ್ಪತ್ತರ ದಶಕದಲ್ಲಿ ಹಣ್ಣಿನ ನೊಣದ ಕಡೆಗೆ ತಿರುಗಿದರು. ಕೊಳೆತ ಬಾಳೆಹಣ್ಣಿಗೆ ಮುತ್ತುವ ಆ ಕ್ಷುದ್ರ ಕೀಟದಲ್ಲಿ, ತಾಪ ಏರಿದೊಡನೆ ಕೈಕಾಲು ಸ್ವಾಧೀನ ತಪ್ಪಿ ಬಿದ್ದು, ತಣ್ಣಗಾದೊಡನೆ ಎದ್ದು ನಡೆಯುವ ವಿಚಿತ್ರ ತಳಿಗಳನ್ನು ಅವರು ಸೀಮೋರ್ ಬೆನ್ಜರ್ ಅವರ ಜೊತೆಗೂಡಿ ಅಭ್ಯಾಸ ಮಾಡಿದರು. ನರಗಳಲ್ಲಿ ಸಂದೇಶ ಹರಿಯುವುದಕ್ಕೆ ಯಾವ ಯಾವ ವಂಶವಾಹಿಗಳು ಬೇಕೆಂಬುದನ್ನು ಕಾಣುವುದಕ್ಕೆ ಅದು ಕಿಂಡಿಯಾಯಿತು. ಮುಂದೆ ವೆರೋನಿಕಾ ರಾಡ್ರಿಗಸ್ ಅವರೊಡನೆ, ನೊಣವು ವಾಸನೆಯನ್ನೂ ರುಚಿಯನ್ನೂ ಹೇಗೆ ಗ್ರಹಿಸುತ್ತದೆಂಬ ಸಂಶೋಧನೆಯನ್ನು ಕೈಗೊಂಡರು. ತೊಂಬತ್ತರ ದಶಕದಲ್ಲಿ ಆ ಪರಂಪರೆ ಬೆಂಗಳೂರಿಗೆ ಬಂದು, ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾಗಿ ಬೇರುಬಿಟ್ಟಿತು; ಅದರ ಮೊದಲ ನಿರ್ದೇಶಕರಾಗಿದ್ದ ಸಿದ್ದಿಕಿಯವರು 2013ರಲ್ಲಿ ಈ ಊರಿನಲ್ಲಿಯೇ ಕಾಲವಾದರು. ನೊಣದಲ್ಲಿ ಕಂಡ ಸತ್ಯ ಮನುಷ್ಯನಿಗೂ ಅನ್ವಯಿಸುತ್ತದೆಯೆಂಬುದು ಈ ಶಾಸ್ತ್ರದ ಒಂದು ಸೋಜಿಗ. ಕೀಟಕ್ಕೂ ನಮಗೂ ಅನೇಕ ವಂಶವಾಹಿಗಳು ಪುರಾತನವಾದ ಒಂದೇ ಪೂರ್ವಜನಿಂದ ಬಂದಿರುವುದೇ ಇದಕ್ಕೆ ಕಾರಣ.

ಆದರೆ ಮನುಷ್ಯನ ವಂಶವಾಹಿಯನ್ನು ಕೆಡಿಸಿ ನೋಡುವಂತಿಲ್ಲ. ನೋಡಬೇಕಾದುದನ್ನು ಪ್ರಕೃತಿಯೇ ರೋಗರೂಪದಲ್ಲಿ ಮುಂದಿಟ್ಟಾಗ ನೋಡಬೇಕು. ಅಥವಾ ಸ್ವಸ್ಥ ಶರೀರದಲ್ಲಿ ವಂಶವಾಹಿಗಳು ಮಾಡುತ್ತಿರುವ ಕೆಲಸವನ್ನು ಇದ್ದಲ್ಲಿಯೇ ಅಳೆಯಬೇಕು. ವೈಟ್‌ಫೀಲ್ಡಿನ ಸಂಸ್ಥೆ ಮಾಡಿದ್ದು ಈ ಬಗೆಯ ಕೆಲಸ.

ಓದಿ ತಿಳಿದದ್ದು, ತೂಗಿ ತಿಳಿದದ್ದು

ಜಗತ್ತಿನ ಪ್ರಯೋಗಶಾಲೆಗಳಲ್ಲಿ ನಡೆದ ಸಂಶೋಧನೆಗಳು ಲಕ್ಷಾಂತರ ಲೇಖನಗಳಾಗಿ ನಿಯತಕಾಲಿಕಗಳಲ್ಲಿ ಚದರಿಹೋಗಿರುತ್ತವೆ. ಒಂದು ಪ್ರೋಟೀನು ಮತ್ತೊಂದನ್ನು ಹಿಡಿದುಕೊಳ್ಳುತ್ತದೆಂದು ಒಬ್ಬರು ಟೋಕಿಯೋದಲ್ಲಿ ಕಂಡಿರುತ್ತಾರೆ. ಅದು ಮೂತ್ರಪಿಂಡದಲ್ಲಿ ಮಾತ್ರ ದೊರೆಯುತ್ತದೆಂದು ಮತ್ತೊಬ್ಬರು ಸ್ಟಾಕ್‌ಹೋಮಿನಲ್ಲಿ ಬರೆದಿರುತ್ತಾರೆ. ಅದರ ಊನದಿಂದ ಇಂತಹ ವ್ಯಾಧಿ ಬರುತ್ತದೆಂದು ಮೂರನೆಯವರು ಬಾಸ್ಟನ್ನಿನಲ್ಲಿ ವರದಿ ಮಾಡಿರುತ್ತಾರೆ. ಈ ಮೂರನ್ನೂ ಒಂದೆಡೆ ತಂದು ನಿಲ್ಲಿಸುವವರೆಗೆ ಆ ವಂಶವಾಹಿಯ ಕಥೆ ಯಾರಿಗೂ ಪೂರ್ಣವಾಗಿ ತಿಳಿಯದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿದ್ದ ಅಖಿಲೇಶ ಪಾಂಡೆಯವರು ಬೆಂಗಳೂರಿನಲ್ಲಿ ಈ ಸಂಸ್ಥೆಯನ್ನು ಹುಟ್ಟುಹಾಕಿದೊಡನೆ ಇಲ್ಲಿನ ತರುಣ ಜೀವವಿಜ್ಞಾನಿಗಳು ಎತ್ತಿಕೊಂಡ ಮೊದಲ ಕಾರ್ಯ ಇದೇ. ಮಾನವ ಪ್ರೋಟೀನುಗಳ ಆಕರಕೋಶವೊಂದನ್ನು ಅವರು ಕಟ್ಟಿದರು; 2003ರಲ್ಲಿ ಅದರ ವಿವರ ಪ್ರಕಟವಾಯಿತು. ಆ ಮೊದಲ ಆವೃತ್ತಿಯಲ್ಲಿ ಇದ್ದದ್ದು 2,750 ಪ್ರೋಟೀನುಗಳು. ಅಷ್ಟಕ್ಕಾಗಿ ಅವರು ಪರಾಮರ್ಶಿಸಿದ ಲೇಖನಗಳು ಮೂರು ಲಕ್ಷಕ್ಕೂ ಮಿಕ್ಕು.

ಮೂರು ಲಕ್ಷ ಲೇಖನಗಳೆಂಬ ಮಾತನ್ನು ಓದುಗರು ಸುಮ್ಮನೆ ದಾಟಿಬಿಡಬಾರದು. ಗಣಕಯಂತ್ರಕ್ಕೆ ಆಜ್ಞೆ ಕೊಟ್ಟು ಪದಗಳನ್ನು ಹೆಕ್ಕಿಸುವ ಸುಲಭೋಪಾಯ ಆಗಲೂ ಇತ್ತು. ಆದರೆ ಯಂತ್ರವು ‘ಹಿಡಿದುಕೊಳ್ಳುತ್ತದೆ’ ಎಂಬುದನ್ನೂ ‘ಹಿಡಿದುಕೊಳ್ಳುವುದೆಂದು ಭಾವಿಸಿದ್ದೆವು, ಹಾಗಾಗಲಿಲ್ಲ’ ಎಂಬುದನ್ನೂ ಒಂದೇ ಬುಟ್ಟಿಗೆ ಹಾಕಿಬಿಡುವ ಅಪಾಯವಿತ್ತು. ಆದುದರಿಂದ ಜೀವಶಾಸ್ತ್ರವನ್ನು ಕಲಿತ ಮನುಷ್ಯರೇ ಕುಳಿತು, ಪ್ರಯೋಗದ ವಿಧಾನವನ್ನು ಪರಿಶೀಲಿಸಿ, ಸಾಕ್ಷ್ಯದ ಬಲಾಬಲವನ್ನು ತೂಗಿ, ಒಂದೊಂದು ಸಂಗತಿಯನ್ನೂ ದಾಖಲು ಮಾಡಿದರು. ಹಿಂದೆ ನಮ್ಮ ಪಂಡಿತರು ತಾಳೆಗರಿಗಳ ಪಾಠಾಂತರಗಳನ್ನು ಇದಿರಿಟ್ಟುಕೊಂಡು ಗ್ರಂಥಸಂಪಾದನೆ ಮಾಡಿದ ಶ್ರದ್ಧೆಗೆ ಈ ಶ್ರದ್ಧೆ ಯಾವ ವಿಧದಲ್ಲಿಯೂ ಕಡಮೆಯದಲ್ಲ. 2005ರಲ್ಲಿ ಅದೇ ಬಳಗದವರು, ಸ್ತ್ರೀಯರಲ್ಲಿ ಎರಡು ಪುರುಷರಲ್ಲಿ ಒಂದು ಇರುವ ಎಕ್ಸ್ ವರ್ಣತಂತುವಿನ ವಂಶವಾಹಿಗಳನ್ನು ಹೀಗೆಯೇ ಕೈಯಾರೆ ಪರಿಶೀಲಿಸಿ, ಅವುಗಳ ಕಾರ್ಯವಿವರಣೆಯನ್ನು ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಓದಿನ ಮುಂದಿನ ಹಂತ ತೂಕ. ಅಂಗಾಂಶವೊಂದರಲ್ಲಿರುವ ಪ್ರೋಟೀನುಗಳನ್ನು ಬೇರ್ಪಡಿಸಿ, ಕಿಣ್ವವೊಂದರಿಂದ ಅವುಗಳನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಮಾಸ್ ಸ್ಪೆಕ್ಟ್ರೊಮೀಟರ್ ಎಂಬ ಯಂತ್ರದೊಳಕ್ಕೆ ಹಾಯಿಸಿದರೆ, ಆ ಯಂತ್ರವು ತುಣುಕುಗಳ ದ್ರವ್ಯರಾಶಿಯನ್ನು ಅತಿ ಸೂಕ್ಷ್ಮವಾಗಿ ಅಳೆದು ಕೊಡುತ್ತದೆ. ಇಷ್ಟು ತೂಕದ ತುಣುಕು ಯಾವ ಅಮೈನೋ ಆಮ್ಲಗಳ ಸರಣಿಯಿಂದ ಆಗಿರಬಲ್ಲದು, ಆ ಸರಣಿ ಯಾವ ವಂಶವಾಹಿಯ ಆದೇಶಕ್ಕೆ ಹೊಂದುತ್ತದೆ ಎಂದು ಹಿಂದಕ್ಕೆ ಲೆಕ್ಕ ಹಾಕುತ್ತ ಹೋದರೆ, ಆ ಅಂಗಾಂಶದಲ್ಲಿ ಯಾವ ವಂಶವಾಹಿಗಳು ದುಡಿಯುತ್ತಿವೆಯೆಂಬುದು ಗೊತ್ತಾಗುತ್ತದೆ. ಈ ವಿಧಾನದಿಂದ ಪಾಂಡೆಯವರ ನೇತೃತ್ವದಲ್ಲಿ ಜಾನ್ಸ್ ಹಾಪ್ಕಿನ್ಸ್ ಹಾಗೂ ಬೆಂಗಳೂರಿನ ವಿಜ್ಞಾನಿಗಳು, ಪ್ರೌಢ ಶರೀರದ 17 ಅಂಗಾಂಶಗಳು, ಭ್ರೂಣದ 7 ಅಂಗಾಂಶಗಳು, ರಕ್ತಕ್ಕೆ ಸಂಬಂಧಿಸಿದ 6 ಬಗೆಯ ಕೋಶಗಳು, ಹೀಗೆ ಒಟ್ಟು 30 ಮಾದರಿಗಳನ್ನು ಶೋಧಿಸಿದರು. ಫಲಿತಾಂಶವು 2014ರ ಮೇ 29ರ ‘ನೇಚರ್’ ಪತ್ರಿಕೆಯಲ್ಲಿ ಮಾನವ ಪ್ರೋಟೀನುಗಳ ಮೊದಲ ಕರಡು ನಕ್ಷೆಯಾಗಿ ಪ್ರಕಟವಾಯಿತು. ಪ್ರೋಟೀನು ಕೊಡುವ ವಂಶವಾಹಿಗಳ ಪೈಕಿ 17,294ರ, ಎಂದರೆ ನೂರಕ್ಕೆ ಸುಮಾರು 84ರ, ಪ್ರೋಟೀನುಗಳನ್ನು ಅವರು ಗುರುತಿಸಿದ್ದರು. ಮ್ಯೂನಿಕ್ಕಿನ ಮತ್ತೊಂದು ತಂಡದ ನಕ್ಷೆಯೂ ಅದೇ ಸಂಚಿಕೆಯಲ್ಲಿ ಹೊರಬಂದಿತು.

ಆ ನಕ್ಷೆಯಲ್ಲಿ ಕಂಡ ಸಂಗತಿಗಳಲ್ಲಿ ಒಂದೆರಡನ್ನು ಹೇಳಬೇಕು. ಪರೀಕ್ಷಿಸಿದ ಎಲ್ಲ ಮಾದರಿಗಳಲ್ಲಿಯೂ ತಪ್ಪದೆ ದೊರೆತದ್ದು 2,350 ವಂಶವಾಹಿಗಳ ಪ್ರೋಟೀನುಗಳು. ಆದರೆ ಕೋಶದ ಒಟ್ಟು ಪ್ರೋಟೀನುರಾಶಿಯಲ್ಲಿ ಸುಮಾರು ಮುಕ್ಕಾಲು ಪಾಲು ಇವುಗಳದೇ. ಶಕ್ತಿಯನ್ನು ಒದಗಿಸುವುದು, ಕೋಶದ ಆಕಾರವನ್ನು ಹಿಡಿದಿಡುವುದು, ಹೊಸ ಪ್ರೋಟೀನುಗಳನ್ನು ಕಟ್ಟುವುದು ಮುಂತಾದ ನಿತ್ಯಕರ್ಮಗಳನ್ನು ನಡೆಸುವವು ಇವೇ. ಕಣ್ಣನ್ನು ಕಣ್ಣಾಗಿಸುವ, ಮೆದುಳನ್ನು ಮೆದುಳಾಗಿಸುವ ಸಹಸ್ರಾರು ಪ್ರೋಟೀನುಗಳು ಉಳಿದ ಕಾಲು ಪಾಲಿನಲ್ಲಿ ಅಡಗಿವೆ. ಪ್ರೋಟೀನು ಕೊಡುವುದಿಲ್ಲವೆಂದು ಅದುವರೆಗೆ ಬದಿಗಿಟ್ಟಿದ್ದ ಡಿಎನ್‌ಎಯ ಭಾಗಗಳಿಂದ 193 ಹೊಸ ಪ್ರೋಟೀನುಗಳು ಬರುತ್ತಿವೆಯೆಂದೂ ಈ ತಂಡ ವರದಿ ಮಾಡಿತು. ಅಕ್ಷರಗಳನ್ನು ಮಾತ್ರ ನೋಡಿ ಗಣಕಯಂತ್ರ ಬರೆದ ಪಟ್ಟಿಯನ್ನು, ಶರೀರದಲ್ಲಿ ನಿಜವಾಗಿ ತಯಾರಾದ ಸಾಮಗ್ರಿಯನ್ನು ನೋಡಿ ತಿದ್ದಬೇಕಾಯಿತೆಂದು ಇದರ ತಾತ್ಪರ್ಯ.

ನಕ್ಷೆಗೆ ವಿಮರ್ಶೆಯೂ ಬಂದಿತು. ಮೂಗಿನ ಅಂಗಾಂಶವನ್ನೇ ಪರೀಕ್ಷಿಸದೆ ಇದ್ದರೂ ವಾಸನೆಯನ್ನು ಗ್ರಹಿಸುವ ನೂರಕ್ಕೂ ಹೆಚ್ಚು ಪ್ರೋಟೀನುಗಳು ಎರಡೂ ನಕ್ಷೆಗಳ ದತ್ತಾಂಶದಲ್ಲಿ ಹೇಗೆ ಸೇರಿದವೆಂದು ಮ್ಯಾಡ್ರಿಡ್ಡಿನ ಸಂಶೋಧಕರು ಆಕ್ಷೇಪಿಸಿ, ಗುರುತಿಸುವ ಮಾನದಂಡ ಇನ್ನೂ ಕಟ್ಟುನಿಟ್ಟಾಗಬೇಕೆಂದರು. ಇದರಿಂದ ಕೆಲಸದ ಗೌರವಕ್ಕೆ ಕುಂದಿಲ್ಲ. ಶಾಸ್ತ್ರವು ಮುಂದೆ ಹೋಗುವ ರೀತಿಯೇ ಇದು. ಕರಡು ಬರೆದವರು ದತ್ತಾಂಶವನ್ನೆಲ್ಲ ಜಗತ್ತಿನ ಮುಂದೆ ತೆರೆದಿಟ್ಟುದರಿಂದಲೇ ತಪ್ಪನ್ನು ಹುಡುಕುವುದು ಇತರರಿಗೆ ಸಾಧ್ಯವಾಯಿತು. ಬಿಗಿಯಾದ ಮಾನದಂಡಗಳೊಡನೆ ಅಂತರರಾಷ್ಟ್ರೀಯ ಪ್ರೋಟೀನು ಯೋಜನೆಯು ಮುಂದುವರಿದು, 2020ರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಪ್ರೋಟೀನುಗಳಿಗೆ ದೃಢವಾದ ಸಾಕ್ಷ್ಯ ದೊರೆತಿದೆಯೆಂದು ಪ್ರಕಟಿಸಿತು.

ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ

ಇಷ್ಟೆಲ್ಲ ತಿಳಿದು ನಮಗೇನಾಗಬೇಕೆಂದು ಕೇಳುವವರಿಗೆ ಎರಡು ನಿದರ್ಶನಗಳನ್ನು ಕೊಡುವೆನು. ನಮ್ಮ ರಕ್ತದಲ್ಲಿ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವೊಂದಿದೆ. ಅದನ್ನು ಕೊಡುವ ವಂಶವಾಹಿ ಕೆಟ್ಟಿದ್ದರೂ ಮನುಷ್ಯನು ಹುಟ್ಟಿ, ಬೆಳೆದು, ವ್ಯಾಪಾರ ಮಾಡಿ, ಸಂಸಾರ ನಡೆಸಿ, ಯಾವ ತೊಂದರೆಯೂ ಇಲ್ಲದೆ ಬಾಳಬಹುದು. ಆದರೆ ಎಂದಾದರೊಂದು ದಿನ ಶಸ್ತ್ರಚಿಕಿತ್ಸೆಗೆ ಒಳಗಾಗುವ ಪ್ರಸಂಗ ಬಂದು, ಉಸಿರಿನ ನಳಿಕೆಯನ್ನು ಇಳಿಸುವುದಕ್ಕಾಗಿ ವೈದ್ಯರು ಸಕ್ಸಿನೈಲ್‌ಕೋಲೀನ್ ಎಂಬ ಸ್ನಾಯುಶೈಥಿಲ್ಯಕಾರಕ ಔಷಧವನ್ನು ಕೊಟ್ಟರೆ, ಉಳಿದವರಲ್ಲಿ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುವ ಅದರ ಪ್ರಭಾವ ಈತನಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಅದುವರೆಗೆ ಉಸಿರಾಟದ ಯಂತ್ರದ ಆಸರೆ ಬೇಕಾಗುತ್ತದೆ. ಔಷಧವನ್ನು ಒಡೆದು ನಿರ್ವೀರ್ಯಗೊಳಿಸತಕ್ಕ ಕಿಣ್ವ ಈತನಲ್ಲಿ ಇಲ್ಲದಿರುವುದೇ ಕಾರಣ. ನಮ್ಮ ದಕ್ಷಿಣದೇಶದ ವೈಶ್ಯ ಸಮುದಾಯದಲ್ಲಿ ಈ ಊನವು ಇತರರಿಗಿಂತ ಸುಮಾರು ನೂರು ಪಟ್ಟು ಹೆಚ್ಚೆಂದು ಕಂಡುಬಂದಿದೆ. ಅನೇಕ ಶತಮಾನಗಳ ಕಾಲ ಚಿಕ್ಕ ವಲಯದೊಳಗೇ ವಿವಾಹಸಂಬಂಧಗಳು ನಡೆದುಬಂದ ಸಮುದಾಯಗಳಲ್ಲಿ, ಮೂಲಪುರುಷರೊಬ್ಬರಲ್ಲಿದ್ದ ವಿರಳವಾದ ವ್ಯತ್ಯಯವು ಹೀಗೆ ಹೆಚ್ಚುವುದುಂಟು. ಇದು ಒಂದು ಜನವರ್ಗದ ಕುಂದಲ್ಲ, ಭಾರತದ ಬಹುಸಂಖ್ಯ ಜಾತಿಕುಲಗಳಿಗೆ ಒಂದಲ್ಲ ಒಂದು ರೀತಿಯಲ್ಲಿ ಅನ್ವಯಿಸುವ ಮಾತು. ಸಂಗತಿಯನ್ನು ಬಲ್ಲ ಅರಿವಳಿಕೆ ವೈದ್ಯನು ಮುಂಚಿತವಾಗಿ ಒಂದು ಪ್ರಶ್ನೆ ಕೇಳಿ, ಬೇರೊಂದು ಔಷಧವನ್ನು ಆರಿಸಿಕೊಂಡರೆ ಅಪಾಯ ತಪ್ಪುತ್ತದೆ. ವಂಶವಾಹಿಯ ಕಾರ್ಯವನ್ನು ತಿಳಿದಿರುವುದರ ಪ್ರಯೋಜನ ಇಷ್ಟು ಸರಳವಾಗಿ ಕೈಗೆ ಬರಬಲ್ಲದು.

ಎರಡನೆಯ ನಿದರ್ಶನ ಕುಡುಗೋಲುಕಣ ರೋಗದ್ದು. ರಕ್ತದ ಹಿಮೋಗ್ಲೋಬಿನಿನ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ವ್ಯತ್ಯಾಸವಾಗಿ, ಅದರಿಂದ ಒಂದು ಅಮೈನೋ ಆಮ್ಲದ ಬದಲು ಮತ್ತೊಂದು ಸೇರಿ, ಕೆಂಪುಕಣಗಳು ಕುಡುಗೋಲಿನಂತೆ ಬಾಗಿ ರಕ್ತನಾಳಗಳನ್ನು ಕಟ್ಟಿಕೊಳ್ಳುವ ಈ ವ್ಯಾಧಿಯನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಇದು ಕಾಣಬರುತ್ತದೆ. ಇಲ್ಲಿ ಪ್ರಕೃತಿಯ ವಿಶೇಷವೊಂದಿದೆ. ತಾಯಿಯ ಗರ್ಭದಲ್ಲಿರುವ ಶಿಶುವು ಬೇರೊಂದು ವಂಶವಾಹಿಯಿಂದ ಬೇರೊಂದು ಬಗೆಯ ಹಿಮೋಗ್ಲೋಬಿನನ್ನು ಮಾಡಿಕೊಳ್ಳುತ್ತದೆ; ಹುಟ್ಟಿದ ಕೆಲವು ತಿಂಗಳಲ್ಲಿ ಆ ವಂಶವಾಹಿ ಮುಚ್ಚಿಹೋಗಿ, ಪ್ರೌಢ ಹಿಮೋಗ್ಲೋಬಿನಿನದು ಕೆಲಸಕ್ಕೆ ನಿಲ್ಲುತ್ತದೆ. ಶಿಶುವಿನ ಹಿಮೋಗ್ಲೋಬಿನಿಗೆ ಕುಡುಗೋಲಿನ ದೋಷವಿಲ್ಲ. ಅದನ್ನು ಮುಚ್ಚಿಡುವ ಕಾವಲುಗಾರ ಪ್ರೋಟೀನು ಯಾವುದೆಂದು ಹುಡುಕಿದ ವಿಜ್ಞಾನಿಗಳು, ರೋಗಿಯ ರಕ್ತೋತ್ಪಾದಕ ಕೋಶಗಳಲ್ಲಿ ಆ ಕಾವಲನ್ನು ತೆಗೆದುಹಾಕಿ, ಶೈಶವದ ಹಿಮೋಗ್ಲೋಬಿನನ್ನು ಮತ್ತೆ ದುಡಿಯಲು ಹಚ್ಚುವ ಚಿಕಿತ್ಸೆಯನ್ನು ರೂಪಿಸಿದರು. 2023ರಲ್ಲಿ ಬ್ರಿಟನ್ನೂ ಅಮೆರಿಕವೂ ಅದಕ್ಕೆ ಅನುಮತಿಯಿತ್ತವು. ಕೆಟ್ಟ ಅಕ್ಷರವನ್ನು ತಿದ್ದದೆಯೂ ರೋಗವನ್ನು ಗೆಲ್ಲಬಹುದೆಂಬ ಈ ಉಪಾಯ ಹೊಳೆದದ್ದು, ಯಾವ ವಂಶವಾಹಿ ಎಂದು ಕೆಲಸ ಮಾಡುತ್ತದೆ, ಎಂದು ಬಿಡುತ್ತದೆ ಎಂಬುದನ್ನು ಬಲ್ಲುದರಿಂದ. ಈ ಚಿಕಿತ್ಸೆಯ ವೆಚ್ಚ ಇಂದು ಶ್ರೀಮಂತ ದೇಶಗಳಿಗೂ ದುರ್ಭರವಾಗಿದೆ. ಅದು ಬೆಟ್ಟದ ಸೋಲಿಗರ ಮಗುವಿಗೆ ಎಟುಕುವವರೆಗೆ ವಿಜ್ಞಾನದ ಕರ್ತವ್ಯವೂ ಸರ್ಕಾರದ ಕರ್ತವ್ಯವೂ ಮುಗಿಯುವುದಿಲ್ಲ.

ಉಳಿದಿರುವ ಹೊಣೆ

ಈಚಿನ ದಿನಗಳಲ್ಲಿ ನಗರದ ದೊಡ್ಡ ಆಸ್ಪತ್ರೆಗಳಲ್ಲಿ ವಂಶವಾಹಿ ಪರೀಕ್ಷೆ ಸಾಮಾನ್ಯವಾಗುತ್ತಿದೆ. ಮಗುವಿನ ಬೆಳವಣಿಗೆ ಕುಂಠಿತವಾದಾಗ, ಮನೆತನದಲ್ಲಿ ಸ್ತನದ ಕ್ಯಾನ್ಸರು ಹಲವರಿಗೆ ಬಂದಾಗ, ವೈದ್ಯರು ರಕ್ತವನ್ನು ಪರೀಕ್ಷೆಗೆ ಕಳಿಸುತ್ತಾರೆ. ವರದಿಯಲ್ಲಿ ಅನೇಕ ವೇಳೆ, ವ್ಯತ್ಯಾಸವೊಂದು ಕಂಡಿದೆ, ಆದರೆ ಅದರ ಪರಿಣಾಮ ಅನಿಶ್ಚಿತ ಎಂಬ ಒಕ್ಕಣೆ ಇರುತ್ತದೆ. ಆತಂಕದಿಂದ ಕಾದಿದ್ದ ತಂದೆತಾಯಿಗಳಿಗೆ ಆ ವಾಕ್ಯ ಎಷ್ಟು ಸಂಕಟಕರವೆಂಬುದನ್ನು ವಿವರಿಸಬೇಕಾಗಿಲ್ಲ. ಅನಿಶ್ಚಯಕ್ಕೆ ಕಾರಣಗಳು ಎರಡು: ಆ ವಂಶವಾಹಿಯ ಕಾರ್ಯ ಪೂರ್ಣವಾಗಿ ತಿಳಿದಿಲ್ಲದಿರುವುದು ಒಂದು, ಅಂತಹ ವ್ಯತ್ಯಾಸ ನಮ್ಮ ಜನರಲ್ಲಿ ಸಹಜವಾಗಿಯೇ ಇರುವಂತಹುದೊ ಅಲ್ಲವೊ ಎಂದು ಹೇಳುವ ಭಾರತೀಯರ ದತ್ತಾಂಶ ಸಾಲದಿರುವುದು ಇನ್ನೊಂದು. ಜಗತ್ತಿನ ವಂಶವಾಹಿ ಭಂಡಾರಗಳಲ್ಲಿ ಯೂರೋಪು ಮೂಲದವರ ಮಾಹಿತಿಯೇ ಅಧಿಕ. ಎರಡನೆಯ ಕೊರತೆಯನ್ನು ನೀಗುವುದಕ್ಕೆ 2020ರಲ್ಲಿ ಜೀನೋಮ್ ಇಂಡಿಯಾ ಯೋಜನೆ ಆರಂಭವಾಯಿತು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನ ಕೇಂದ್ರವು ಅದನ್ನು ಸಂಯೋಜಿಸಿತು. ದೇಶದ 20 ಸಂಸ್ಥೆಗಳು ಕೈಜೋಡಿಸಿದವು. 80ಕ್ಕೂ ಮಿಕ್ಕಿದ ಜನಸಮುದಾಯಗಳಿಗೆ ಸೇರಿದ ಸುಮಾರು 10,000 ಜನರ ಪೂರ್ಣ ಡಿಎನ್‌ಎಯನ್ನು ಓದಲಾಯಿತು. 2025ರ ಜನವರಿಯಲ್ಲಿ ಆ ದತ್ತಾಂಶವನ್ನು ಸಂಶೋಧಕರ ಉಪಯೋಗಕ್ಕೆ ಬಿಡುಗಡೆ ಮಾಡಲಾಯಿತು.

ಹತ್ತು ಸಾವಿರವೆಂಬುದು ನೂರನಲವತ್ತು ಕೋಟಿಗೆ ಎದುರಾಗಿ ಅಲ್ಪ; ಆದರೆ ಆರಂಭಕ್ಕೆ ಅಲ್ಪವಲ್ಲ. ಇನ್ನು ಮುಂದೆ ಬೇಕಾದದ್ದು, ಓದಿದ ಅಕ್ಷರಗಳಿಗೆ ಕಾರ್ಯವನ್ನು ಹೊಂದಿಸುವ ದೀರ್ಘವಾದ ದುಡಿಮೆ. ಇಂತಹ ದುಡಿಮೆಗೆ ನಮ್ಮಲ್ಲಿ ಸಾಕಷ್ಟು ಮನ್ನಣೆ ಇಲ್ಲವೆಂಬುದು ನನ್ನ ಚಿಂತೆ. ಹೊಸ ಯಂತ್ರವೊಂದು ಬಂದರೆ ಉದ್ಘಾಟನೆಯಾಗುತ್ತದೆ. ಹೊಸ ಚಿಕಿತ್ಸೆ ಬಂದರೆ ಪತ್ರಿಕೆಗಳಲ್ಲಿ ದೊಡ್ಡಕ್ಷರದ ಸುದ್ದಿಯಾಗುತ್ತದೆ. ಆದರೆ ಲಕ್ಷಾಂತರ ಪುಟಗಳನ್ನು ಓದಿ, ಸಂಗತಿಗಳನ್ನು ಸೋಸಿ, ಎಲ್ಲರಿಗೂ ತೆರೆದಿಟ್ಟ ಆಕರಕೋಶಕ್ಕೆ ವರ್ಷವರ್ಷವೂ ಹಣ ಒದಗಿಸುವುದು ಸರ್ಕಾರಗಳಿಗೂ ದಾನಿಗಳಿಗೂ ಸುಲಭವಾಗಿ ಹೊಳೆಯುವುದಿಲ್ಲ. ವೈಟ್‌ಫೀಲ್ಡಿನಲ್ಲಿ ಸಿದ್ಧವಾದ ಆ ಪ್ರೋಟೀನು ಆಕರಕೋಶದ ಒಂಬತ್ತನೆಯ ಆವೃತ್ತಿ ಹೊರಬಂದದ್ದು 2010ರಲ್ಲಿ. ಜ್ಞಾನವು ದಿನೇ ದಿನೇ ಬೆಳೆಯುತ್ತಿರುವ ಕ್ಷೇತ್ರದಲ್ಲಿ, ಒಮ್ಮೆ ಕಟ್ಟಿ ಬಿಟ್ಟ ಕೋಶ ಬೇಗನೆ ಹಳತಾಗುತ್ತದೆ. ಅದನ್ನು ಪೋಷಿಸುವ ಜನವೂ ಹಣವೂ ನಿರಂತರವಾಗಿ ಬೇಕು.

ಸಾಮಾನ್ಯ ಜನರಾದ ನಮ್ಮಿಂದ ಆಗತಕ್ಕದ್ದೂ ಇದೆ. ಸಂಶೋಧಕರು ರಕ್ತದ ಮಾದರಿಯನ್ನು ಕೇಳಿ ಬಂದಾಗ, ಅದು ಯಾವುದಕ್ಕೆ, ಹೆಸರನ್ನು ಹೇಗೆ ಗುಟ್ಟಾಗಿ ಇರಿಸುವಿರಿ, ಬೇಡವೆನಿಸಿದರೆ ಹಿಂತೆಗೆಯಬಹುದೆ ಎಂದು ಧೈರ್ಯವಾಗಿ ಕೇಳಿ, ಉತ್ತರ ಸಮಾಧಾನಕರವಾದರೆ ಕೊಡುವುದು. ಮನೆತನದಲ್ಲಿ ನಡೆದುಬಂದ ಕಾಯಿಲೆಯನ್ನು ಮರ್ಯಾದೆಗೆ ಅಂಜಿ ಮುಚ್ಚಿಡದೆ ವೈದ್ಯರಿಗೆ ತಿಳಿಸುವುದು. ವಂಶವಾಹಿಯ ದೋಷವನ್ನು ತಾಯಿಯ ತಪ್ಪೆಂದಾಗಲಿ ಪೂರ್ವಜನ್ಮದ ಫಲವೆಂದಾಗಲಿ ಯಾರ ತಲೆಗೂ ಕಟ್ಟದಿರುವುದು. ಅನಿಶ್ಚಿತವೆಂದು ಬಂದ ವರದಿಯನ್ನು ತೀರ್ಪೆಂದು ಭಾವಿಸದೆ, ಎರಡು ಮೂರು ವರ್ಷಗಳ ಬಳಿಕ ಅದನ್ನು ಮತ್ತೊಮ್ಮೆ ಪರಿಶೀಲಿಸಿ ಕೊಡುವಂತೆ ವೈದ್ಯರನ್ನು ಕೇಳುವುದೂ ವಿಹಿತ. ಇಂದು ಅರ್ಥವಾಗದ ವ್ಯತ್ಯಾಸಕ್ಕೆ ನಾಳೆ ಅರ್ಥ ದೊರೆಯುತ್ತಿರುವುದು ಈ ಶಾಸ್ತ್ರದಲ್ಲಿ ನಿತ್ಯ ನಡೆಯುವ ಸಂಗತಿ. ಆ ಅರ್ಥವನ್ನು ದೊರಕಿಸಿಕೊಡುವವರು ಎಲ್ಲಿಯೋ ದೂರದೇಶದಲ್ಲಿ ಮಾತ್ರ ಇರುವವರಲ್ಲ. ನಮ್ಮ ಊರಿನ ಪೂರ್ವಭಾಗದಲ್ಲಿ, ನಾವು ನಿತ್ಯ ಹಾದುಹೋಗುವ ರಸ್ತೆಯ ಪಕ್ಕದ ಕಟ್ಟಡದಲ್ಲಿ ದುಡಿಯುವ ತರುಣ ತರುಣಿಯರೂ ಅವರಲ್ಲಿ ಸೇರಿದ್ದಾರೆ. ವಿಮಾನವನ್ನು ಕಟ್ಟಿದವರಿಗೆ ಈ ನಾಡು ಸಲ್ಲಿಸಿದ ಗೌರವವನ್ನು ಇವರಿಗೂ ಸಲ್ಲಿಸಬೇಕು. ನಮ್ಮ ಕಾಲೇಜುಗಳಲ್ಲಿ ಜೀವಶಾಸ್ತ್ರವನ್ನು ಓದುತ್ತಿರುವ ಮಕ್ಕಳಿಗೆ ಈ ಕಾಯಕವನ್ನು ಕೈಕೊಳ್ಳುವ ಅವಕಾಶವನ್ನು ಹೆಚ್ಚಿಸಬೇಕು. ವಂಶವಾಹಿಗಳ ಪಟ್ಟಿ ಇಂದು ಎಲ್ಲ ದೇಶಗಳ ಕೈಯಲ್ಲಿಯೂ ಇದೆ. ಅದರ ಅರ್ಥ ಮಾತ್ರ ತಾಳ್ಮೆಯಿಂದ ದುಡಿಯುವವರಿಗೆ ದೊರೆಯುತ್ತದೆ.